ಅಸ್ಸಾಂ ಊದ್ ಎಣ್ಣೆ: ಈ ಕೊಟ್ಟಿಗೆ ವಾಸನೆ ಹೋಗುತ್ತಾ? ಎಷ್ಟಕ್ಕೆ ಎಷ್ಟು ಬೆರೆಸಬೇಕು?

ತೀರ್ಥಹಳ್ಳಿ_ಸುರಗಿ:

ಕಾಲು ತೊಲ ಊದ್ ಎಣ್ಣೆ (ಅಗರ್ ಮರದಿಂದ ಇಳಿಸುವ ಸುಗಂಧದೆಣ್ಣೆ) ಇದೆ, ಅಂದರೆ 3 ಗ್ರಾಂ ಹತ್ತಿರ. ಸೀಸೆಯ ಮೇಲೆ ಹೊಜಾಯ್, ಅಸ್ಸಾಂ ಅಂತ ಚೀಟಿ. ಬಣ್ಣ ಕಡುಗಂದು, ಜೋನಿಬೆಲ್ಲದಷ್ಟು ಮಂದ. ಮುಚ್ಚಳ ತೆಗೆದರೆ ಮೂಗಿಗೆ ಬರುವುದು ಗಂಧ ಅಲ್ಲ ಮಾರಾಯ್ರೇ, ಕೊಟ್ಟಿಗೆ. ಮುಂಗೈಗೆ ಮುಟ್ಟಿಸಿದರೆ ಅರ್ಧ ಗಂಟೆ ಕಳಲೆ ನೆನೆಹಾಕಿದ ನೀರಿನ ವಾಸನೆ, ಆಮೇಲೆ ಚರ್ಮ, ಹೊಗೆ, ಸಂಜೆ ಹೊತ್ತಿಗೆ ಏನೋ ಸಿಹಿ.

ಎಣ್ಣೆ ಕೆಟ್ಟಿದೆಯಾ, ಕಲಬೆರಕೆಯಾ? ಸ್ಪ್ರೇ ಮಾಡುವ ಹಾಗೆ ತೆಳು ಮಾಡಬೇಕಾದರೆ ಯಾವುದರಲ್ಲಿ, ಎಷ್ಟು? ತೆಂಗಿನೆಣ್ಣೆ ನಡೆಯುತ್ತಾ? ಮಳೆಗಾಲದಲ್ಲಿ ಬಟ್ಟೆಗೆ ಹಾಕಬಹುದಾ? ಇನ್ನೊಂದು, ಅಡಿಕೆ ತೋಟದ ಅಂಚಿನಲ್ಲಿ ಅಗರ್ ಮರಗಳಿವೆ. ತೊಗಟೆ ಕೆತ್ತಿ ಮೂಸಿದರೆ ಯಾವ ವಾಸನೆಯೂ ಇಲ್ಲ. ಬೇರೆ ಜಾತಿಯೇ ಇದು?

ಭಟ್ಟಿ_ಒಲೆ:

ಕೆಟ್ಟಿಲ್ಲ. ನೀವು ಬರೆದ ಕ್ರಮ ನೋಡಿದರೆ ಎಣ್ಣೆ ಅಸಲಿ ಇರುವ ಸಾಧ್ಯತೆಯೇ ಹೆಚ್ಚು. ಕಳಲೆಯ ಹೋಲಿಕೆಯಂತೂ ನೇರ ಗುರಿಗೇ ಬಿದ್ದಿದೆ. ಅಸ್ಸಾಮಿನ ಹಳೆ ಪದ್ಧತಿಯಲ್ಲಿ ಅಗರ್ ಮರವನ್ನು ಚಕ್ಕೆ ಮಾಡಿ, ಕುಟ್ಟಿ, ಭಟ್ಟಿಗೆ ಹಾಕುವ ಮೊದಲು ನೀರಿನಲ್ಲಿ ನೆನೆಯಲು ಬಿಡುತ್ತಾರೆ. ಒಂದು ವಾರದಿಂದ ಹಿಡಿದು ತಿಂಗಳವರೆಗೂ ಬಿಡುವುದುಂಟು. ಮರ ಮೆತ್ತಗಾಗಿ ಎಣ್ಣೆ ಬಿಡಲಿ ಅಂತ. ಆ ಹೊತ್ತಿಗೆ ನೀರು ಹುಳಿಯುತ್ತದೆ, ಹುಳಿತದ ಹಗುರ ಆಮ್ಲಗಳು ಎಣ್ಣೆಯ ಜೊತೆಗೇ ಆವಿಯಾಗಿ ಬಂದು ಸೀಸೆ ಸೇರುತ್ತವೆ. ಕೊಟ್ಟಿಗೆ ಅನ್ನುವುದು ಅದು. ನೆನೆಸದೆ ಅಥವಾ ಎರಡು ಮೂರು ದಿನ ಮಾತ್ರ ನೆನೆಸಿ ಇಳಿಸಿದ ಎಣ್ಣೆ ಇಷ್ಟು ನಾರುವುದಿಲ್ಲ. ಕಾಂಬೋಡಿಯಾ ಶೈಲಿಯದ್ದು ಹಣ್ಣಿನ ಸಿಹಿ ಕಡೆಗೆ ವಾಲುತ್ತದೆ, ಬೋರ್ನಿಯೋದ್ದು ತಿಳಿಯಾಗಿರುತ್ತದೆ. ಅರಬ್ಬರ ಅತ್ತರು ಅಂಗಡಿಯಲ್ಲಿ ‘ಹಿಂದಿ’ ಅಂತ ಕೇಳಿದರೆ ಕೊಡುವುದು ನಿಮ್ಮ ಕೈಯಲ್ಲಿರುವ ಈ ಜಾತಿಯನ್ನೇ. ಆ ಕೊಟ್ಟಿಗೆ ವಾಸನೆಗಾಗಿಯೇ ಹುಡುಕಿಕೊಂಡು ಬರುವವರಿದ್ದಾರೆ.

ಹಗುರ ಆಮ್ಲ ಬೇಗ ಹಾರುತ್ತದೆ, ಮರದ ರಾಳದ ಭಾಗ ನಿಧಾನ. ಹಾಗಾಗಿ ಅರ್ಧ ಗಂಟೆಯ ನಂತರ ಚರ್ಮ, ಹೊಗೆ, ಕೊನೆಗೆ ಸಿಹಿ. ಸೀಸೆಗೆ ಮೂಗಿಟ್ಟು ಊದ್‌ಗೆ ಬೆಲೆ ಕಟ್ಟಬಾರದು ಅನ್ನುವುದು ಇದಕ್ಕೇ. ಕತ್ತಲಲ್ಲಿ ಒಂದೆರಡು ವರ್ಷ ಇಟ್ಟರೆ ಆ ಕಟು ಭಾಗ ತಾನಾಗಿ ತಗ್ಗುತ್ತದೆ.

ಕಲಬೆರಕೆ ಪರೀಕ್ಷೆಗೆ ಕಾಗದದ ಮೇಲೆ ಹನಿ ಹಾಕಿ ಜಿಡ್ಡಿನ ಕಲೆ ನೋಡಿ ಅಂತ ಹೇಳುವವರ ಮಾತು ಬಿಡಿ. ಡಿ.ಇ.ಪಿ. ಅನ್ನುವ ವಾಸನೆಯಿಲ್ಲದ ದ್ರವ ಬೆರೆಸಿದ್ದರೂ ಕಲೆ ಅಸಲಿಯ ಹಾಗೇ ಉಳಿಯುತ್ತದೆ. ದಪ್ಪ ಡ್ರಾಯಿಂಗ್ ಹಾಳೆಯ ಪಟ್ಟಿಗೆ ಮುಟ್ಟಿಸಿ, 5 ನಿಮಿಷ, 1 ಗಂಟೆ, 6 ಗಂಟೆ, ಮಾರನೇ ದಿನ ಮೂಸಿ. ಅಸಲಿ ನಾಲ್ಕು ಸಲವೂ ಬೇರೆ ಬೇರೆ ಕಾಣುತ್ತದೆ. ಕೃತಕ ಊದ್ ಮೊದಲ ನಿಮಿಷ ಹೇಗಿತ್ತೋ ಮಾರನೇ ದಿನವೂ ಬಹುಮಟ್ಟಿಗೆ ಹಾಗೇ, ಬರೀ ಸಣ್ಣಗಾಗಿರುತ್ತದೆ. ಇದಕ್ಕಿಂತ ಖಚಿತ ಬೇಕಾದರೆ ಎಣ್ಣೆಯ ಘಟಕಗಳನ್ನು ಬೇರ್ಪಡಿಸಿ ತೋರಿಸುವ ಪ್ರಯೋಗಾಲಯದ ಗ್ಯಾಸ್ ಕ್ರೊಮಟೊಗ್ರಫಿಯೇ ಗತಿ.

ಹನಿ_ಲೆಕ್ಕ_ಬೇಡ:

ಬೆರೆಸುವ ವಿಷಯ ನಾನು ಹೇಳುತ್ತೇನೆ. ಹೆಸರೇ ಹೇಳುವ ಹಾಗೆ, ಹನಿ ಎಣಿಸಬೇಡಿ. ಇಷ್ಟು ಮಂದ ಎಣ್ಣೆಯ ಒಂದು ಹನಿ ಚಳಿಯ ಬೆಳಿಗ್ಗೆ ಒಂದು ತೂಕ, ಮಧ್ಯಾಹ್ನ ಇನ್ನೊಂದು. 0.01 ಗ್ರಾಂ ತೋರಿಸುವ ಚಿಕ್ಕ ತೂಕದ ಯಂತ್ರ ಸಾಕು. ಸೀಸೆಯನ್ನು ಬಿಸಿನೀರಿನ ಲೋಟದಲ್ಲಿ ಐದು ನಿಮಿಷ ನಿಲ್ಲಿಸಿದರೆ ಎಣ್ಣೆ ಹರಿಯುತ್ತದೆ. ಕುದಿಯುವ ನೀರು ಬೇಡ, ಮುಚ್ಚಳದೊಳಗೆ ಹನಿ ನೀರೂ ಹೋಗಬಾರದು.

ಮೊದಲು 10% ದ್ರಾವಣ ಮಾಡಿಟ್ಟುಕೊಳ್ಳಿ: 1 ಗ್ರಾಂ ಊದ್‌ಗೆ 9 ಗ್ರಾಂ ಸುಗಂಧಕ್ಕೆಂದೇ ಸಿಗುವ ಆಲ್ಕೊಹಾಲ್, 95 ಪರ್ಸೆಂಟಿನದ್ದು. ನೇರ ಎಣ್ಣೆ 0.10 ಗ್ರಾಂ ತೂಗಲು ಹೋದರೆ ಕೈ ಒಂದಿಷ್ಟು ತಪ್ಪಿದರೂ ಇಡೀ ಮಿಶ್ರಣ ಊದ್‌ಮಯ. ಅದೇ ದ್ರಾವಣದಲ್ಲಿ 1.00 ಗ್ರಾಂ ತೂಗುವಾಗ ಅಷ್ಟೇ ತಪ್ಪಿದರೆ ಯಾರಿಗೂ ಗೊತ್ತಾಗುವುದಿಲ್ಲ.

ನಮ್ಮ ಕಡೆಯ ಮೂಗಿಗೆ ಒಗ್ಗುವ ಒಂದು ಅಳತೆ, ಒಟ್ಟು 10 ಗ್ರಾಂಗೆ: ಊದ್ ದ್ರಾವಣ 1.00, ಶ್ರೀಗಂಧದೆಣ್ಣೆ 1.00, ಲಾವಂಚದ ಎಣ್ಣೆ 0.20, ಗುಲಾಬಿ ಅಬ್ಸೊಲ್ಯೂಟಿನ (ಹೂವಿನಿಂದ ತೆಗೆದ ಗಾಢ ಸಾರ) 10% ದ್ರಾವಣ 0.50, ಏಲಕ್ಕಿ ಎಣ್ಣೆ 0.10, ಉಳಿದ 7.20 ಆಲ್ಕೊಹಾಲ್. ಇದರಲ್ಲಿ ಅಸಲಿ ಊದ್ 1% ಮಾತ್ರ. ಕಡಿಮೆ ಅನ್ನಿಸಬಹುದು, ಆದರೆ ಊದ್ ಇರಬೇಕಾದ್ದು ಸಾರಿನಲ್ಲಿ ಇಂಗು ಇದ್ದ ಹಾಗೆ. ನಿಮ್ಮ 3 ಗ್ರಾಂನಿಂದ ಈ ಲೆಕ್ಕದಲ್ಲಿ 300 ಗ್ರಾಂ ಆಗುತ್ತದೆ.

ಶ್ರೀಗಂಧ ಕೊಟ್ಟಿಗೆಯ ಅಂಚನ್ನು ಹಾಲಿನ ಹಾಗೆ ಮೆದು ಮಾಡುತ್ತದೆ. ಗುಲಾಬಿ ಮತ್ತು ಊದ್ ಹಳೆಯ ಅರಬ್ಬಿ ಜೋಡಿ, ಹುಳಿ ಭಾಗವನ್ನು ಗುಲಾಬಿ ಹಣ್ಣಿನ ಕಡೆಗೆ ತಿರುಗಿಸುತ್ತದೆ. ಏಲಕ್ಕಿ ಅರ್ಧ ಗಂಟೆಯಲ್ಲಿ ಹಾರಿಹೋಗುತ್ತದೆ, ಅಷ್ಟೇ ಸಾಕು, ಕೊಟ್ಟಿಗೆ ಜೋರಾಗಿರುವುದೂ ಅದೇ ಅರ್ಧ ಗಂಟೆ. ಲಾವಂಚ ಮಾತ್ರ 0.20 ದಾಟಿಸಬೇಡಿ. ಹೆಚ್ಚಾದರೆ ಮಣ್ಣಿನ ವಾಸನೆ ಮುಂದೆ ಬರುತ್ತದೆ, ಆಗುಂಬೆ ಮಳೆಯಲ್ಲಿ ಅದಕ್ಕೆ ದುಡ್ಡು ಕೊಡಬೇಕಾಗಿಲ್ಲ.

ಎಣ್ಣೆಗಳನ್ನೂ ಎರಡು ದ್ರಾವಣಗಳನ್ನೂ ಮೊದಲು ಸೇರಿಸಿ, ಕಂದು ಗಾಜಿನ ಸೀಸೆಯಲ್ಲಿ ಒಂದು ವಾರ ಬಿಡಿ. ಉಳಿದ ಆಲ್ಕೊಹಾಲ್ ಕೊನೆಗೆ. ಆಮೇಲೆ ನಾಲ್ಕರಿಂದ ಆರು ವಾರ ಕತ್ತಲಲ್ಲಿ. ಮೊದಲ ವಾರ ಮೂಸಿ ‘ಹಾಳಾಯ್ತು’ ಅಂತ ಚೆಲ್ಲಬೇಡಿ, ಆಲ್ಕೊಹಾಲಿನ ಚುಚ್ಚು ಆಗಿನ್ನೂ ಇಳಿದಿರುವುದಿಲ್ಲ. ತಳದಲ್ಲಿ ಗಸಿ ಕಂಡರೆ ಒಂದು ದಿನ ಫ್ರಿಜ್ಜಿನಲ್ಲಿಟ್ಟು ಕಾಫಿ ಫಿಲ್ಟರ್ ಕಾಗದದಲ್ಲಿ ಸೋಸಿ.

ತೆಂಗಿನೆಣ್ಣೆ ಬೇಡ. 24 ಡಿಗ್ರಿ ಸುತ್ತ ಗಟ್ಟಿಯಾಗುತ್ತದೆ, ಪುಷ್ಯದ ಚಳಿಯಲ್ಲಿ ಸೀಸೆಯೊಳಗೆ ಬೆಣ್ಣೆ. ಅದರ ಸ್ವಂತ ವಾಸನೆ ಬೇರೆ, ಹಳತಾದರೆ ಕಮಟು. ಆಲ್ಕೊಹಾಲ್ ಬೇಡ ಅನ್ನುವವರು ಜೊಜೊಬಾ ಬೀಜದ ಎಣ್ಣೆ ಅಥವಾ ಗಟ್ಟಿಯಾಗದಂತೆ ಸಂಸ್ಕರಿಸಿದ ತೆಂಗಿನೆಣ್ಣೆ ಬಳಸಬಹುದು. ಅದು ಸ್ಪ್ರೇ ಆಗುವುದಿಲ್ಲ, ರೋಲರ್ ಸೀಸೆಗೆ ಹಾಕಬೇಕು. ಯಾವುದೇ ಆಗಲಿ, ಮುಂಗೈ ಒಳಭಾಗಕ್ಕೆ ಹಚ್ಚಿ 24 ಗಂಟೆ ನೋಡಿ. ಕೆಂಪಾದರೆ ಕೈಬಿಡಿ.

ಮಾಲ್_ಮೂಗು:

ಒಂದು ತಕರಾರು. ಅಂಗಡಿಯ ‘ಊದ್’ ಸೆಂಟುಗಳಲ್ಲಿ ಕೊಟ್ಟಿಗೆಯೂ ಇಲ್ಲ, ಕಳಲೆಯೂ ಇಲ್ಲ, ಚೆನ್ನಾಗೇ ಇರುತ್ತವೆ. ಹಾಗಿದ್ದ ಮೇಲೆ ಇಷ್ಟೆಲ್ಲ ಒದ್ದಾಟ ಯಾಕೆ?

ಭಟ್ಟಿ_ಒಲೆ:

ಅವು ಊದ್‌ನ ಚಿತ್ರ, ಊದ್ ಅಲ್ಲ. ಪಾಶ್ಚಾತ್ಯ ಸುಗಂಧದಲ್ಲಿ ಈ ಹೆಸರು ಓಡಾಡತೊಡಗಿದ್ದು 2002ರ ಈವ್ ಸಾಂ ಲೊರಾಂ ಎಂ7 ಮತ್ತು 2007ರ ಟಾಮ್ ಫೋರ್ಡ್ ಊದ್ ವುಡ್ ಎಂಬ ಸೆಂಟುಗಳು ಬಂದ ಮೇಲೆ. ಅಂಥವುಗಳಲ್ಲಿ ಊದ್ ಅನ್ನಿಸುವುದು ಬಹುತೇಕ ಕಾರ್ಖಾನೆಯ ಅಣುಗಳು, ಪಚೋಲಿ, ನಾಗರಮೋಥಾ ಸೇರಿಸಿ ಕಟ್ಟಿದ ಮಿಶ್ರಣ. ನಾಗರಮೋಥಾ ಅಂದರೆ ನಮ್ಮ ಗದ್ದೆ ಬದುವಿನ ಜೇಕಿನ ನೆಂಟ. ಕಾರಣವೂ ಸರಳ: ಅಸಲಿ ಎಣ್ಣೆ ಪ್ರತಿ ಭಟ್ಟಿಗೂ ಬೇರೆ, ಲಕ್ಷ ಸೀಸೆ ಒಂದೇ ಥರ ಬರಬೇಕಾದರೆ ಆಗುವುದಿಲ್ಲ. ಅಂಗಡಿಯ ಸೆಂಟನ್ನು ಹಾಕಿಕೊಳ್ಳುವುದರಲ್ಲಿ ತಪ್ಪೇನಿಲ್ಲ. ಅಸಲಿಯ ಬೆಲೆ ತೆತ್ತು ಅದನ್ನು ತರುವುದು ತಪ್ಪು.

ಕೊಪ್ಪ_ಕೆಂಡ:

ಬಟ್ಟೆಯ ವಿಷಯ. ಎಣ್ಣೆಯನ್ನು ನೇರ ಬಟ್ಟೆಗೆ ಹಚ್ಚಬೇಡಿ, ಬಿಳಿ ಪಂಚೆ ಮತ್ತು ರೇಷ್ಮೆಯ ಮೇಲಿನ ಕಂದು ಕಲೆ ಹೋಗುವುದಿಲ್ಲ. ಮಳೆಗಾಲದಲ್ಲಿ ಮುಗ್ಗಲು ಹಿಡಿದ ಬಟ್ಟೆಗೆ ಊದ್ ಸ್ಪ್ರೇ ಮಾಡಿದರೆ ಎರಡೂ ಸೇರಿ ಹಳೇ ಪೆಟ್ಟಿಗೆ ವಾಸನೆ. ಮೊದಲು ಒಣಗಿಸಿ.

ಬಟ್ಟೆಗೆ ಸರಿಯಾದದ್ದು ಅಗರ್ ಚಕ್ಕೆಯ ಹೊಗೆ. ಬಚ್ಚಲೊಲೆಯ ಕೆಂಡ ತಂದು ಸುರಿಯಬೇಡಿ, ಅಡಿಕೆ ಸಿಪ್ಪೆಯ ಘಾಟು ಅಗರನ್ನು ನುಂಗುತ್ತದೆ. ಕಡ್ಡಿ ಗೀರಿದೊಡನೆ ಹೊತ್ತುವ ಇದ್ದಿಲ ಬಿಲ್ಲೆಗೂ ಪೆಟ್ಲುಪ್ಪಿನ ವಾಸನೆ ಇರುತ್ತದೆ. ತೆಂಗಿನ ಚಿಪ್ಪಿನ ಇದ್ದಿಲು ಹೊತ್ತಿಸಿ, ಪೂರ್ತಿ ಬೂದಿ ಬಣ್ಣ ಕಟ್ಟುವವರೆಗೆ ಕಾದು, ಮೇಲೆ ಅರ್ಧ ಬೆರಳು ಬೂದಿ ಮುಚ್ಚಿ, ಅದರ ಮೇಲೆ ಕಾಗೆಬಂಗಾರದ ತೆಳು ಹಾಳೆ ಇಟ್ಟು, ಅಕ್ಕಿಕಾಳಿನಷ್ಟು ಚಕ್ಕೆ. ಚಕ್ಕೆ ಉರಿಯಬಾರದು, ಬೆವರಬೇಕು. ರಾಳ ಗುಳ್ಳೆಯೆದ್ದು ತೆಳು ನೀಲಿ ಹೊಗೆ ಬಂದರೆ ಸರಿ. ದಟ್ಟ ಹೊಗೆ ಎದ್ದು ಸುಟ್ಟ ಕೂದಲ ನಾತ ಬಂದರೆ ಬೂದಿ ಇನ್ನಷ್ಟು ಹಾಕಿ. ಮೇಲೆ ಬೆತ್ತದ ಬುಟ್ಟಿ ಬೋರಲು ಹಾಕಿ ಬಟ್ಟೆ ಹರಡಿ, 10 ನಿಮಿಷ ಸಾಕು. ತುಸು ಪಸೆ ಇರುವ ಬಟ್ಟೆ ಹೊಗೆಯನ್ನು ಚೆನ್ನಾಗಿ ಹಿಡಿಯುತ್ತದೆ. ಹತ್ತಿ, ಉಣ್ಣೆಗೆ ಒಳ್ಳೆಯದು. ಕೆಂಡ ಇರುವಾಗ ಕೋಣೆಯ ಕಿಟಕಿ ತೆರೆದಿರಲಿ, ಬಿಟ್ಟು ಹೋಗಬೇಡಿ.

ಚಕ್ಕೆಯ ಹೊಗೆ ನಿಮ್ಮ ಎಣ್ಣೆಯ ಹಾಗೆ ಇರುವುದಿಲ್ಲ, ಗಾಬರಿ ಬೇಡ. ಮರದಲ್ಲಿರುವ ಕ್ರೋಮೋನ್ ಎಂಬ ಭಾರದ ವಸ್ತುಗಳು ಭಟ್ಟಿಯಲ್ಲಿ ಹೆಚ್ಚು ಹಾರಿ ಬರುವುದಿಲ್ಲ, ಕೆಂಡದ ಬಿಸಿಗೆ ಮಾತ್ರ ಒಡೆದು ಆ ಸಿಹಿ ಕೊಡುತ್ತವೆ. ಚಕ್ಕೆಯನ್ನು ಗಾಳಿಯಾಡದ ಡಬ್ಬಿಯಲ್ಲಿಡಿ, ಆಷಾಢದಲ್ಲಿ ಬೂಸ್ಟು ಬರುತ್ತದೆ.

ಮೈಗೆ ಹಚ್ಚುವುದಾದರೆ ಎಲ್ಲ ಕಾಲಕ್ಕೂ ಒಂದೇ ಅಳತೆ ಅಲ್ಲ. ಏಪ್ರಿಲ್‌ನ ಶಿವಮೊಗ್ಗ ಪೇಟೆಯ ಬಿಸಿಲಿಗೆ ಒಂದು ಸ್ಪ್ರೇ, ಜುಲೈನ ಕೊಪ್ಪದಲ್ಲಿ ಎರಡು. ಹತ್ತು ನಿಮಿಷಕ್ಕೆ ನಿಮ್ಮ ಮೂಗಿಗೆ ಒಗ್ಗಿ ಗೊತ್ತಾಗದೆ ಹೋಗುತ್ತದೆ, ಪಕ್ಕದವರಿಗೆ ಗೊತ್ತಾಗುತ್ತಲೇ ಇರುತ್ತದೆ. ಬಸ್ಸಿನಲ್ಲಿ ಹೋಗುವವರು ಮತ್ತೆ ಹಚ್ಚಬೇಡಿ.

ತೀರ್ಥಹಳ್ಳಿ_ಸುರಗಿ:

ಎಲ್ಲರಿಗೂ ಧನ್ಯವಾದ. 0.5 ಗ್ರಾಂ ಎಣ್ಣೆಯನ್ನು ಮೆಡಿಕಲ್ ಶಾಪಿನ 70 ಪರ್ಸೆಂಟ್ ಸ್ಪಿರಿಟ್ 4.5 ಗ್ರಾಂನಲ್ಲಿ ಹಾಕಿದೆ. ಅಕ್ಕಚ್ಚಿನ ಹಾಗೆ ಬೆಳ್ಳಗಾಯಿತು, ಮೇಲೆ ಎಣ್ಣೆಯ ಕಣ್ಣುಗಳು ತೇಲುತ್ತಿವೆ.

ಹನಿ_ಲೆಕ್ಕ_ಬೇಡ:

ನೀರಿನ ಕೆಲಸ. 70 ಪರ್ಸೆಂಟ್ ಅಂದರೆ ಉಳಿದದ್ದು ಹೆಚ್ಚೂಕಡಿಮೆ ನೀರೇ, ಊದ್ ನೀರಿಗೆ ಬೆರೆಯುವುದಿಲ್ಲ. ಸೋಸಬೇಡಿ, ಎಣ್ಣೆಯೇ ಕಾಗದದಲ್ಲಿ ಉಳಿಯುತ್ತದೆ. 95ರದ್ದನ್ನು ಸ್ವಲ್ಪ ಸ್ವಲ್ಪ ಸೇರಿಸುತ್ತ ಹೋದರೆ ತಿಳಿಯಾಗಬಹುದು, ಸೇರಿಸಿದ್ದನ್ನೆಲ್ಲ ತೂಗಿ ಬರೆದಿಟ್ಟು ಹೊಸ ಪರ್ಸೆಂಟ್ ಲೆಕ್ಕ ಹಾಕಿ. ಆದರೆ ಆ ಸ್ಪಿರಿಟ್ ಐಸೊಪ್ರೊಪೈಲ್ ಆಗಿದ್ದರೆ ಆಸ್ಪತ್ರೆ ವಾಸನೆ ಹೋಗುವುದಿಲ್ಲ. ಆ ಅರ್ಧ ಗ್ರಾಂ ಹೋಯಿತು ಅಂದುಕೊಳ್ಳಿ.

ತೋಟದ_ಅಂಚು:

ಮರದ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ಜಾತಿ ತಪ್ಪಿಲ್ಲ. ಆರೋಗ್ಯವಾಗಿರುವ ಅಗರ್ ಮರ ಬಿಳಿ, ಹಗುರ, ವಾಸನೆಯಿಲ್ಲ. ಗಾಯವಾಗಿ ಶಿಲೀಂಧ್ರ ಹೊಕ್ಕಾಗ ಮರ ತನ್ನ ರಕ್ಷಣೆಗೆ ರಾಳ ತುಂಬಿಕೊಳ್ಳುತ್ತದೆ, ಆ ಕಪ್ಪು ಭಾಗವೇ ಅಗರು. ಅಸ್ಸಾಮಿನಲ್ಲಿ ಕಾಂಡ ಕೊರೆಯುವ ಹುಳು ಈ ಕೆಲಸ ತಾನೇ ಮಾಡಿಕೊಡುತ್ತದೆ. ಪಶ್ಚಿಮ ಘಟ್ಟ ಈ ಮರದ ತವರಲ್ಲ, ಇಲ್ಲಿ ಕಾಂಡಕ್ಕೆ ತೂತು ಕೊರೆದು ಶಿಲೀಂಧ್ರದ ದ್ರಾವಣ ಸೇರಿಸಬೇಕು. ತೆಳು ಕಾಂಡಕ್ಕೆ ಸೇರಿಸಿದರೆ ಗಾಳಿಗೆ ಮುರಿಯುತ್ತದೆ. ಸೇರಿಸಿದ ಮೇಲೂ ಎರಡು ವರ್ಷವಾದರೂ ಬಿಡಬೇಕು. ಆಮೇಲೆ ತೂತಿನ ಪಕ್ಕ ಬೆರಳಗಲ ಕೆತ್ತಿ ನೋಡಿ: ಕಂದು ಪಟ್ಟಿ ಕಂಡು, ಆ ಪುಡಿ ಕೆಂಡದ ಮೇಲೆ ಪರಿಮಳಿಸಿದರೆ ರಾಳ ಕೂತಿದೆ. ಕಾಗದ ಸುಟ್ಟ ವಾಸನೆ ಬಂದರೆ ಇಲ್ಲ. ಕಂದು ಇದ್ದರೂ ಸುತ್ತಲ ಬಿಳಿ ಮರವನ್ನು ಉಳಿಯಿಂದ ಪೂರ್ತಿ ಕೆತ್ತಿ ತೆಗೆಯಬೇಕು. ಅದು ಉಳಿದರೆ ಹೊಗೆಯೂ ಹಾಳು, ಎಣ್ಣೆಯೂ ಹುಳಿ.

ಈ ಮರ 1995ರಿಂದ ಸೈಟಿಸ್ (ಅಪಾಯದಲ್ಲಿರುವ ಗಿಡ, ಪ್ರಾಣಿಗಳ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದ) ಎರಡನೇ ಅನುಬಂಧದಲ್ಲಿದೆ, 2005ರಿಂದ ಇಡೀ ಕುಲವೇ ಸೇರಿದೆ. ಚಕ್ಕೆಯಾಗಲಿ ಎಣ್ಣೆಯಾಗಲಿ ದೇಶದ ಹೊರಗೆ ಕಳಿಸಲು ಪರವಾನಗಿ ಬೇಕು. ಕಡಿಯುವ, ಸಾಗಿಸುವ ಮೊದಲು ವಲಯ ಅರಣ್ಯ ಕಚೇರಿಯಲ್ಲಿ ಕೇಳಿ, ಪಹಣಿ ಜೊತೆಗಿರಲಿ. ಸದ್ಯಕ್ಕೆ ಎಲೆ ತಿನ್ನುವ ಕಂಬಳಿಹುಳದ ಮೇಲೆ ಕಣ್ಣಿಡಿ. ಗುಂಪಾಗಿ ಬಿದ್ದರೆ ಕೆಲವೇ ದಿನದಲ್ಲಿ ಮರ ಬೋಳು.