ಮನೆ ಗುಂಪಲ್ಲಿ 62ರ ಯುದ್ಧ

ಕೋಲಾರದ ನಮ್ಮ ಮನೆ ಗುಂಪಿಗೆ ನಿನ್ನೆ ರಾತ್ರಿ ದೊಡ್ಡಪ್ಪ ಒಂದು ಫಾರ್ವರ್ಡ್ ಹಾಕಿದ್ರು. '62ರಲ್ಲಿ ವಾಯುಪಡೆಯನ್ನು ಕಣಕ್ಕೆ ಬಿಟ್ಟಿದ್ದರೆ ಚೀನಾ ಒಂದೇ ವಾರದಲ್ಲಿ ಓಡುತ್ತಿತ್ತು. ಹತ್ತು ಜನಕ್ಕೆ ಕಳಿಸಿ.' ಹತ್ತು ಜನ ಯಾಕೆ, ನಾವು ಐದಾರು ಜನಕ್ಕೇ ಸಾಕಾಯ್ತು.

ಅಕ್ಕ: ದೊಡ್ಡಪ್ಪ, ಇದು ಹೋದ ನವೆಂಬರಲ್ಲೂ ಬಂದಿತ್ತು 🙏

ದೊಡ್ಡಪ್ಪ: ಬರ್ಲಿ. ಸುಳ್ಳಾ? ಟಿಬೆಟ್ಟಿನ ಎತ್ತರದಿಂದ ಅವರ ವಿಮಾನ ಪೂರ್ತಿ ಭಾರ ಹೊತ್ಕೊಂಡು ಏಳೋಕೇ ಆಗ್ತಿರ್ಲಿಲ್ಲ. ನಮ್ದು ಅಸ್ಸಾಮಿನ ತೇಜ್‌ಪುರದ ಬಯಲಿಂದ ಹಾರ್ತಿತ್ತು. ಕಲ್ಕತ್ತಾ ಮೇಲೆ ಚೀನಾದೋರು ಬಾಂಬ್ ಹಾಕ್ತಾರೆ ಅಂತ ದಿಲ್ಲಿಯೋರು ಹೆದ್ರಿ ಕೂತ್ರು.

ನಾನು: ಸಾಮಾನು ಸಾಗಿಸೋಕೆ ಬಳಸಿದ್ರಲ್ವಾ? ಲಡಾಖಿನ ಚುಶೂಲ್‌ಗೆ ಟ್ಯಾಂಕೂ ವಿಮಾನದಲ್ಲೇ ಹೋಗಿತ್ತು.

ದೊಡ್ಡಪ್ಪ: ಅದೇ ಹೇಳ್ತಿರೋದು! ಆಮೇಲೆ ನವೆಂಬರ್ 19ಕ್ಕೆ ನೆಹರು ಅಮೆರಿಕದ ಅಧ್ಯಕ್ಷ ಕೆನಡಿಗೆ ಕಾಗದ ಬರೆದು 12 ಸ್ಕ್ವಾಡ್ರನ್ ಯುದ್ಧವಿಮಾನ ಕೇಳ್ತಾರೆ. ಕರೆಯೋ ಹಸು ಕೊಟ್ಟಿಗೇಲಿ ಕಟ್ಟಿ ಪಕ್ಕದ್ಮನೇಲಿ ಹಾಲು ಕೇಳ್ದಂಗೆ.

(ಇದಕ್ಕೆ ನಾನೂ ಹೆಬ್ಬೆಟ್ಟು ಎತ್ತಿದೆ. ದೊಡ್ಡಪ್ಪ ಮೇಷ್ಟ್ರಾಗಿದ್ದೋರು, ಹೋಲಿಕೆಗೆ ಬರಗಾಲ ಇಲ್ಲ.)

ಅತ್ತೆ: ಸೊಗಡಿನ ಅವರೆಕಾಯಿ ಬಂದಿದೆ, ಯಾರಿಗೆ ಬೇಕು?

ಚಿಕ್ಕಪ್ಪ: ಅಣ್ಣ, ವಿಮಾನ ಬಿಡು. ನಾನು 88ರಲ್ಲಿ ಅರುಣಾಚಲದ ತವಾಂಗಲ್ಲಿದ್ದೋನು. ಅಲ್ಲಿ ಕುಕ್ಕರ್ ಇಲ್ದೆ ಬೇಳೆ ಬೇಯಲ್ಲ. ರಾತ್ರಿ ಬಿಚ್ಚಿಟ್ಟ ಬೂಟು ಬೆಳಗ್ಗೆ ಕಲ್ಲು. ಅಂಥಾ ಕಡೆ ನಮ್‌ಕಾ ಚು ಹೊಳೆ ದಡಕ್ಕೆ ಹತ್ತಿ ಬಟ್ಟೇಲಿ ಹುಡುಗ್ರನ್ನ ಇಳಿಸಿದ್ರು. ಮೇಲೆ ಥಾಗ್ಲಾ ಗುಡ್ಡದಲ್ಲಿ ಅವರು, ಕೆಳಗೆ ಹಳ್ಳದಲ್ಲಿ ನಾವು. ಅಕ್ಟೋಬರ್ 20ಕ್ಕೆ ಹೊಡೆದ್ರು, 22ಕ್ಕೆ ಬ್ರಿಗೇಡಿಯರ್ ದಳ್ವಿಯವರೇ ಸೆರೆ. ಆ ಕಾಡಲ್ಲಿ ಮೇಲಿಂದ ಬಾಂಬ್ ಹಾಕಿದ್ರೆ ಯಾರ ತಲೆ ಮೇಲೆ ಬೀಳ್ತಿತ್ತು?

ದೊಡ್ಡಪ್ಪ: ಮತ್ತೆ ಬಿಟ್ಕೊಡ್ಬೇಕಿತ್ತಾ?

ಚಿಕ್ಕಪ್ಪ: ಹಳ್ಳಕ್ಕೇ ಇಳೀಬಾರ್ದಿತ್ತು. ದಾಸ್ತಾನು ತಲುಪೋ ಕಡೆ ಹಿಂದಕ್ಕೆ ಬಂದು ನಿಲ್ಬೇಕಿತ್ತು. ತವಾಂಗ್ ದಾರೀಲಿ ಸೇಲಾ ಕಣಿವೆ ಇದೆಯಲ್ಲ, 13,700 ಅಡಿ, ಗಟ್ಟಿ ಜಾಗ. ಅದನ್ನೂ ನವೆಂಬರ್ 17ರ ರಾತ್ರಿ ಸರಿಯಾಗಿ ಕಾದಾಡದೇ ಬಿಟ್ರು. ಮಾರನೇ ದಿನ ಲಡಾಖಿನ ರೆಜಾಂಗ್ ಲಾದಲ್ಲಿ ಮೇಜರ್ ಶೈತಾನ್ ಸಿಂಗ್ ಕಂಪನಿ, 120ರಷ್ಟು ಜನ, ಕದಲ್ಲಿಲ್ಲ. ಸೈನ್ಯ ಅದೇ ಅಲ್ವಾ?

ಅಕ್ಕ: ಜನರಲ್ ತಿಮ್ಮಯ್ಯ ಇದ್ದಿದ್ರೆ?

ಚಿಕ್ಕಪ್ಪ: 61ರಲ್ಲೇ ನಿವೃತ್ತಿ ಆದ್ರಲ್ಲಮ್ಮ. 59ರಲ್ಲಿ ರಾಜೀನಾಮೆ ಕೊಟ್ಟು ವಾಪಸ್ ತಗೊಂಡಾಗ್ಲೇ ಅವರ ಮಾತು ಕೇಳ್ಬೇಕಿತ್ತು. ಅವರು ಹೋದ ವರ್ಷವೇ ಮುಂದಕ್ಕೆ ಹೋಗಿ ಠಾಣೆ ಹಾಕಿ ಅಂತ ದಿಲ್ಲಿಯಿಂದ ಆದೇಶ. ಮ್ಯಾಪಲ್ಲಿ ಪಿನ್ ಚುಚ್ಚೋರು ಅಲ್ಲಿಗೆ ಅಕ್ಕಿ ಹೊರ್ತಾರಾ?

ದೊಡ್ಡಪ್ಪ ಟೈಪ್ ಮಾಡ್ತಿದ್ದಾರೆ ಅಂತ ಮೂರು ಸಲ ಬಂತು, ಹೋಯ್ತು.

ದೊಡ್ಡಪ್ಪ: ನೀನು ಮಿಲಿಟರಿಯೋನು, ನಿನ್ನ ಲೆಕ್ಕ ನಿಂದು. ವಿಮಾನದ್ದು ಮಾತ್ರ ನಾನು ಒಪ್ಪಲ್ಲ.

ಅತ್ತೆ: ಓದಿ ಹೇಳ್ತಿದ್ದೆ, ಅಮ್ಮ ಏನೋ ಅಂತಿದಾರೆ. ವಾಯ್ಸ್ ಹಾಕ್ತೀನಿ ಕೇಳ್ರಿ.

ಅಜ್ಜಿ (ವಾಯ್ಸ್): ಆವಾಗ ನಾನು ಎರಡೂ ಓಲೆ ಬಿಚ್ಚಿ ರಕ್ಷಣಾ ನಿಧಿಗೆ ಹಾಕ್ದೆ. ಚಿನ್ನದ ಗಣಿ ಮಗ್ಗುಲಲ್ಲೇ ಇರುವಾಗ ನಿನ್ನ ಓಲೆ ಯಾರಿಗೆ ಬೇಕು ಅಂತ ನಿಮ್ತಾತ ರೇಗಿದ್ರು. ಸಂಕ್ರಾಂತಿಗೆ ಬೇರೆ ಮಾಡಿಸೋಣ ಅಂದ್ರೆ 14 ಕ್ಯಾರೆಟ್ ಮೇಲೆ ಮಾಡೋ ಹಂಗಿಲ್ಲ ಅಂತ ಕಾನೂನು ಬಂತು. ಪಾಪ, ನಮ್ಮ ಆಚಾರಿ ಕುಲುಮೆ ಆರಿಸಿ ಕೂಲಿಗೆ ಹೋದ. ಅದಿರ್ಲಿ. ಇಸ್ಕೂಲಲ್ಲಿ ಕೂತು ಸ್ವೆಟರ್ ಹೆಣೆದ್ವಲ್ಲ, ಅದು ಆ ಹುಡುಗ್ರಿಗೆ ಸಿಕ್ತಾ ಅಂತ ಕೇಳು ಅವನ್ನ.

ಚಿಕ್ಕಪ್ಪ: ಯಾವಾಗ ಕಳಿಸಿದ್ದಮ್ಮ?

ಅತ್ತೆ: ಹೆಣೆದಿದ್ದು ದೀಪಾವಳಿ ಆದ್ಮೇಲೆ, ಕಳಿಸಿದ್ದು ಕಾರ್ತಿಕ ಮುಗಿಯೋ ಹೊತ್ಗೆ ಅಂತೆ.

ಚಿಕ್ಕಪ್ಪ: ನವೆಂಬರ್ 21ಕ್ಕೇ ಚೀನಾದೋರು ಕದನ ವಿರಾಮ ಅಂದ್ಬಿಟ್ಟಿದ್ರು.

ಚಿಕ್ಕಪ್ಪ: ಮುಂದೆ ಹೋದೋರು ಯಾರೋ ಹಾಕ್ಕೊಂಡಿರ್ತಾರೆ ಅನ್ನು.

ಅತ್ತೆ: ಹೇಳ್ದೆ. ಹೂಂ ಅಂದ್ರು. ಅವರೆಕಾಯಿ ಬೇಕಾದೋರು ಬೆಳಗ್ಗೆ ಏಳ್ರೊಳಗೆ ಹೇಳ್ರಪ್ಪಾ.