ಕಾರವಾರದಲ್ಲಿ ಡಾಲ್ಫಿನ್ ನೋಡಲು ಅವ್ವನನ್ನು ಕರೆದೊಯ್ಯಬಹುದೇ?

ಪ್ರಶ್ನೆ (ಕಲಬುರಗಿ): ನಮ್ಮ ಅವ್ವ ಸಮುದ್ರವನ್ನೇ ಕಂಡವಳಲ್ಲ. ಟಿವಿಯಲ್ಲಿ ಡಾಲ್ಫಿನ್ ಜಿಗಿದರೆ ಅಡುಗೆ ಬಿಟ್ಟು ಬಂದು ನಿಲ್ಲುತ್ತಾಳೆ. ಡಿಸೆಂಬರಿನಲ್ಲಿ ಕರೆದೊಯ್ಯುವ ಆಸೆ, ಮೊಣಕಾಲು ನೋವಿದೆ. ದೋಣಿ ಹತ್ತಬಹುದೇ? ಕಡಲ ಗುಹೆಗಳನ್ನೂ ತೋರಿಸಬಹುದೇ?

ಉತ್ತರ (ಬೀದರ್): ಖಂಡಿತ ಕರೆದೊಯ್ಯಿರಿ, ತಮ್ಮಾ. ಕಾರವಾರದಲ್ಲಿ ಕಾಳಿ ನದಿ ಸಮುದ್ರ ಸೇರುತ್ತದೆ. ಅಲ್ಲಿ ಕಾಣುವುದು ಬೆನ್ನ ಮೇಲೆ ಡುಬ್ಬವಿರುವ ಡಾಲ್ಫಿನ್. ದಡದ ಹತ್ತಿರದ ಆಳವಿಲ್ಲದ ನೀರೇ ಇದಕ್ಕೆ ಪ್ರಿಯ, ಆದ್ದರಿಂದ ದೂರ ಹೋಗಬೇಕಿಲ್ಲ. ಟಿವಿಯಲ್ಲಿ ಕಂಡಂತೆ ಸದಾ ಜಿಗಿಯುವುದಿಲ್ಲ. ಉಸಿರಾಡಲು ಮೇಲೆದ್ದಾಗ ಬೂದು ಬೆನ್ನು ಕಂಡು ಮರೆಯಾಗುತ್ತದೆ. ಇದನ್ನು ಅವ್ವನಿಗೆ ಮೊದಲೇ ಹೇಳಿಡಿ. ಬೆಳಿಗ್ಗೆ ಗಾಳಿ ಕಡಿಮೆ, ಆಗಲೇ ಹೊರಡಿ. ಹಿಂಡಿನ ಬೆನ್ನಟ್ಟುವ ದೋಣಿ ಬೇಡವೇ ಬೇಡ. ಮರಿಗಳು ತಾಯಿಯ ಪಕ್ಕದಲ್ಲೇ ಈಜುತ್ತಿರುತ್ತವೆ, ಎಂಜಿನ್ ಸದ್ದು ಅವುಗಳನ್ನು ಕಂಗೆಡಿಸುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯೂ ಅವಕ್ಕಿದೆ.

ಉತ್ತರ (ಯಾದಗಿರಿ): ಗುಹೆಯ ಆಸೆ ಬಿಡಿ ಸರ್. ಬಂಡೆಯ ಬಾಯಲ್ಲಿ ಅಲೆ ದೋಣಿಯನ್ನು ಎತ್ತಿ ಕುಕ್ಕುತ್ತದೆ, ಆ ಮೊಣಕಾಲಿಗೆ ಅದು ತಡೆಯದು. ಬಂಡೆಯ ಸೊಬಗೇ ಬೇಕಿದ್ದರೆ ಮಲ್ಪೆ ಬಳಿಯ ಸೇಂಟ್ ಮೇರೀಸ್ ದ್ವೀಪವಿದೆ. ಲಾವಾ ತಣ್ಣಗಾಗಿ ಮೂಡಿದ ಕಲ್ಲುಕಂಬಗಳು ಸಾಲಾಗಿ ನಿಂತಿವೆ. ಆದರೆ ಅದು ಇನ್ನೊಂದು ಪ್ರವಾಸಕ್ಕಿರಲಿ. ಹುಬ್ಬಳ್ಳಿಯಲ್ಲಿ ಒಂದು ರಾತ್ರಿ ತಂಗಿ, ಅರಬೈಲು ಘಟ್ಟವನ್ನು ಹಗಲಿನಲ್ಲಿ ಇಳಿಯಿರಿ.

ಪ್ರಶ್ನೆ ಕೇಳಿದವರು: ಅಕ್ಕಾ, ಸರ್, ಧನ್ಯವಾದ. ಅವ್ವನಿಗೆ ಓದಿ ಹೇಳಿದೆ. ದೋಣಿಯಲ್ಲಿ ಲೈಫ್ ಜಾಕೆಟನ್ನು ಸೀರೆಯ ಮೇಲೆಯೇ ಕಟ್ಟಬಹುದೇ ಎಂದು ಕೇಳುತ್ತಿದ್ದಾಳೆ.

ಉತ್ತರ (ಬೀದರ್): ಕಟ್ಟಬಹುದು. ಸೆರಗನ್ನು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿಕೊಳ್ಳಲಿ.