ಅಪ್ಪನ .32 ರಿವಾಲ್ವರ್: ಚಳಿಗೆ ಟ್ರಿಗರ್ ಬಿಗಿ, ಮನೆಯಲ್ಲೇ ಸ್ಪ್ರಿಂಗ್ ಬದಲಿಸಬಹುದೇ?

ತೋಟದ ಮಗಳು, ಸೋಮವಾರಪೇಟೆ

ಎಲ್ಲರಿಗೂ ನಮಸ್ಕಾರ. ಸೋಮವಾರಪೇಟೆ ಹತ್ತಿರ ನಮ್ಮದು ಏಳು ಎಕರೆ ಕಾಫಿ ತೋಟ. ಅಪ್ಪನ ಹತ್ತಿರ ಕಾನ್ಪುರದ ಸರ್ಕಾರಿ ಕಾರ್ಖಾನೆಯ .32 ರಿವಾಲ್ವರ್ ಇತ್ತು. ಅವರಿಗೆ 70 ತುಂಬಿದ ಮೇಲೆ ವಾರಸುದಾರಳಾಗಿ ಅರ್ಜಿ ಹಾಕಿದೆ, ಕಳೆದ ವರ್ಷ ಲೈಸೆನ್ಸ್ ನನ್ನ ಹೆಸರಿಗೆ ಆಯಿತು. ನಡುವೆ ಮಡಚಿ ತೆರೆಯುವ, ಆರು ತೋಟೆಯ ಮಾದರಿ. ಕೊಯ್ಲಿನ ಕಾಲದಲ್ಲಿ ಶನಿವಾರದ ಬಟವಾಡೆಗೆ ಬ್ಯಾಂಕಿನಿಂದ ದುಡ್ಡು ತರುವಾಗ ಅಪ್ಪ ಇದನ್ನು ಸೊಂಟದಲ್ಲಿ ಇಟ್ಟುಕೊಂಡು ಹೋಗುತ್ತಿದ್ದರು. ಈಗ ಬಟವಾಡೆ ನನ್ನ ಪಾಲಿಗೆ ಬಂದಿದೆ.

ತೊಂದರೆ ಟ್ರಿಗರಿನದು. ತೋಟೆಗೆ ಪೆಟ್ಟು ಕೊಡುವ ಹ್ಯಾಮರನ್ನು ಮೊದಲೇ ಹಿಂದಕ್ಕೆ ಎತ್ತಿಕೊಂಡು ಒತ್ತಿದರೆ ಸಲೀಸು. ಅದನ್ನು ಎತ್ತದೆ ಹಾಗೇ ಒತ್ತಲು ಹೋದರೆ ಒಂದು ಬೆರಳಿಗೆ ಆಗುವುದಿಲ್ಲ, ಎರಡು ಬೆರಳು ಹಾಕಿ ಎಳೆಯಬೇಕು. ಡಿಸೆಂಬರ್ ತಿಂಗಳ ಬೆಳಿಗ್ಗೆ ತೀರಾ ಬಿಗಿ, ಮಧ್ಯಾಹ್ನದ ಹೊತ್ತಿಗೆ ಸ್ವಲ್ಪ ಸಡಿಲ. ಖಾಲಿ ಮಾಡಿ ನೋಡಿದೆ, ತೋಟೆ ಕೂರುವ ಆರು ಮನೆಗಳಲ್ಲಿ ಎರಡು ಬಂದಾಗ ಮಾತ್ರ ಇನ್ನೂ ಜಾಸ್ತಿ ಹಿಡಿಯುತ್ತದೆ.

ಹಗುರ ಸ್ಪ್ರಿಂಗ್ ತಂದು ನಾನೇ ಹಾಕಿಕೊಳ್ಳಬಹುದೇ? ಹಿಡಿ ಕೂಡ ನನ್ನ ಕೈಗೆ ದಪ್ಪ, ಬೆವರಿಗೆ ಜಾರುತ್ತದೆ. ಹಳೇ ಮನೆಯ ಕಿಟಕಿ ಚೌಕಟ್ಟಿನ ಬೀಟೆ ಮರ ಇದೆ, ನಮ್ಮ ಆಚಾರಿ ಮಾಡಿಕೊಡುತ್ತೇನೆ ಎನ್ನುತ್ತಾರೆ. ಇಲ್ಲದಿದ್ದರೆ ಇದನ್ನು ಕೊಟ್ಟು ಹೆಂಗಸರಿಗೆಂದೇ ಬಂದ ನಿರ್ಭೀಕ್ ರಿವಾಲ್ವರ್ ತೆಗೆದುಕೊಳ್ಳುವುದು ಒಳ್ಳೆಯದೇ?

ಕಾಳುಮೆಣಸು

ಅಕ್ಕ, ನಮ್ಮ ಚಿಕ್ಕಪ್ಪನ ರಿವಾಲ್ವರಿಗೂ ಇದೇ ಆಗಿತ್ತು. ಊರಿನ ಕಮ್ಮಾರನಿಂದ ಸ್ಪ್ರಿಂಗನ್ನು ಅರದಲ್ಲಿ ಉಜ್ಜಿಸಿ ತೆಳ್ಳಗೆ ಮಾಡಿಸಿದರು, ಆಮೇಲೆ ಬೆಣ್ಣೆಯ ಹಾಗೆ ಆಯಿತು. ಅರ್ಧ ಗಂಟೆಯ ಕೆಲಸ.

ಮಾಜಿ ಆರ್ಮರರ್

ತಂಗಿ, ಕಮ್ಮಾರನ ಹತ್ತಿರ ಹೋಗಬೇಡ. ನಾನು ಸೇನೆಯ ಯಂತ್ರೋಪಕರಣ ರಿಪೇರಿ ವಿಭಾಗವಾದ ಇಎಂಇಯಲ್ಲಿ ಆರ್ಮರರ್, ಅಂದರೆ ಬಂದೂಕು ರಿಪೇರಿಯವನಾಗಿ 22 ವರ್ಷ ಇದೇ ಕೆಲಸ ಮಾಡಿದವನು. ಉಜ್ಜಿದ ಸ್ಪ್ರಿಂಗ್ ಮನೆಯಲ್ಲಿ ಬೆಣ್ಣೆಯ ಹಾಗೇ ಇರುತ್ತದೆ. ತೋಟೆ ಹಾಕಿ ಒತ್ತಿದ ದಿನ ಹ್ಯಾಮರಿನ ಪೆಟ್ಟು ಸಾಲದೆ ತೋಟೆಯ ಹಿಂಬದಿಯ ಕೇಪು ಸಿಡಿಯುವುದಿಲ್ಲ. ಕಾನೂನೂ ಇದೆ: 1959ರ ಆಯುಧ ಕಾಯ್ದೆಯ ಸೆಕ್ಷನ್ 5ರ ಪ್ರಕಾರ ಬಂದೂಕು ರಿಪೇರಿ ಮಾಡುವವನಿಗೇ ಬೇರೆ ಲೈಸೆನ್ಸ್ ಬೇಕು. 2019ರ ತಿದ್ದುಪಡಿಯಲ್ಲಿ ಅದನ್ನು ಮೀರಿದವರಿಗೆ ಕನಿಷ್ಠ 7 ವರ್ಷ ಶಿಕ್ಷೆ ಎಂದು ಮಾಡಿದ್ದಾರೆ. ಒರೆಸುವುದು, ಎಣ್ಣೆ ಹಾಕುವುದು, ಕಾಪಾಡುವುದು ನಿನ್ನ ಕೆಲಸ. ಸ್ಕ್ರೂ ಬಿಚ್ಚಿ ಒಳಗಿನ ಯಂತ್ರಕ್ಕೆ ಕೈ ಹಾಕುವುದು ಲೈಸೆನ್ಸ್ ಇರುವ ಅಂಗಡಿಯವರ ಕೆಲಸ.

ಆದರೆ ನೀನು ಬರೆದದ್ದನ್ನು ಎರಡು ಸಲ ಓದಿದೆ. ಸ್ಪ್ರಿಂಗ್ ಗಟ್ಟಿ ಇದ್ದರೆ ಆರೂ ಮನೆಯಲ್ಲಿ ಒಂದೇ ಸಮ ಗಟ್ಟಿ ಇರಬೇಕು. ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು ಆಗುವುದಿಲ್ಲ. ನಿನ್ನದು ಕೊಳೆಯ ಲಕ್ಷಣ. ಅಪ್ಪ ಯಾವ ಎಣ್ಣೆ ಹಾಕುತ್ತಿದ್ದರು, ಕೇಳಿ ಹೇಳು.

ಅಷ್ಟರಲ್ಲಿ ಒಂದು ಕೆಲಸ ಮಾಡು. ತೋಟೆಗಳನ್ನೆಲ್ಲ ತೆಗೆದು ಬೇರೆ ಕೋಣೆಯಲ್ಲಿಟ್ಟು ಬಾ. ಆರೂ ಮನೆಗೆ ಕಿರುಬೆರಳು ಹಾಕಿ ಖಾಲಿ ಎಂದು ಮುಟ್ಟಿ ನೋಡು, ಕಣ್ಣು ಮೋಸ ಮಾಡುತ್ತದೆ. ರಿವಾಲ್ವರಿನ ಬಾಯಿ ಮರಳು ತುಂಬಿದ ಬಕೆಟ್ಟಿನ ಕಡೆಗೇ ಇರಲಿ. ಪೂರ್ತಿ ಮಡಚಿದಾಗ ಆರು ಮನೆ ಇರುವ, ತಿರುಗುವ ಉರುಳೆಯ ನಡುವಿನಿಂದ ನಕ್ಷತ್ರದ ಆಕಾರದ ತುಂಡೊಂದು ಮೇಲೇಳುತ್ತದೆ, ಖಾಲಿ ತೋಟೆ ಹೊರದೂಡುವುದು ಅದೇ. ಅದರ ಅಡಿಯನ್ನು ಟಾರ್ಚ್ ಬಿಟ್ಟು ನೋಡು. ಅಲ್ಲಿ ಸುಡದೆ ಉಳಿದ ಮದ್ದಿನ ನಾಲ್ಕು ಕಾಳು ಸಿಕ್ಕಿಕೊಂಡರೂ ನಕ್ಷತ್ರ ಕೂದಲೆಳೆಯಷ್ಟು ಎತ್ತಿ ನಿಲ್ಲುತ್ತದೆ, ಆ ಬದಿಯ ಮನೆ ಬಂದಾಗ ಉರುಳೆ ಹಿಂದಿನ ಗೋಡೆಗೆ ಉಜ್ಜುತ್ತದೆ. ಹಳೇ ಹಲ್ಲುಜ್ಜುವ ಬ್ರಷ್ಷಿಗೆ ಸ್ವಲ್ಪ ಸೀಮೆಎಣ್ಣೆ ಮುಟ್ಟಿಸಿ ಅಲ್ಲಿ ಉಜ್ಜು. ಒಣಬಟ್ಟೆಯಲ್ಲಿ ಒರೆಸಿ, ಹೊಲಿಗೆ ಮಿಷಿನ್ ಎಣ್ಣೆ ಒಂದೇ ಹನಿ. ಉಪ್ಪುಕಾಗದ, ತಂತಿ ನಾರು ಮುಟ್ಟಿಸಬೇಡ, ಕಬ್ಬಿಣದ ಮೇಲಿನ ನೀಲಿ ಬಣ್ಣ ಹೋದರೆ ನಮ್ಮ ಮಳೆಗೆ ವಾರದಲ್ಲೇ ತುಕ್ಕು. ನಳಿಗೆಯೊಳಗೆ ಹಿತ್ತಾಳೆ ಬ್ರಷ್ ಹಿಂದಿನಿಂದ ಮುಂದಕ್ಕೆ ಹೋಗಲಿ. ಉರುಳೆ ನಳಿಗೆಗೆ ಸೇರುವ ಬಾಯಲ್ಲಿ ಸೀಸದ ಪದರ ಕೂತಿರುತ್ತದೆ, ಅಲ್ಲಿ ಇನ್ನೊಂದು ನಾಲ್ಕು ಸಲ.

ವಿರಾಜಪೇಟೆ ಹುಡುಗ

ಒಂದು ಸಂದೇಹ. ನಮಗೆ ಕೊಡಗಿನವರಿಗೆ ರಿಯಾಯಿತಿ ಇದೆಯಲ್ಲ, ರಿವಾಲ್ವರಿಗೆ ಲೈಸೆನ್ಸ್ ಯಾಕೆ?

ಮಾಜಿ ಆರ್ಮರರ್

ರಿಯಾಯಿತಿ ಕೊಡವರಿಗೆ ಮತ್ತು ಜಮ್ಮಾ (ಕೊಡಗಿನ ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೆ. ಅದೂ ಒಂದು ರೈಫಲ್, ಒಂದು ಸಾದಾ ನಳಿಗೆಯ ಕೋವಿ, ಇಷ್ಟಕ್ಕೆ ಮಾತ್ರ. 2019ರಲ್ಲಿ ಅದನ್ನು 2029ರ ಅಕ್ಟೋಬರ್ 31ರವರೆಗೆ ಮುಂದುವರಿಸಿದ್ದಾರೆ. ರಿವಾಲ್ವರ್, ಪಿಸ್ತೂಲ್ ಅದರಲ್ಲಿ ಬರುವುದಿಲ್ಲ. ಮನೆಯಲ್ಲಿ ಅಜ್ಜನ ಕೋವಿ ಇದೆಯೆಂದು ರಿವಾಲ್ವರನ್ನು ಕಾಗದವಿಲ್ಲದೆ ಇಟ್ಟುಕೊಳ್ಳಬೇಡಿ.

ತೋಟದ ಮಗಳು, ಸೋಮವಾರಪೇಟೆ

ಅಣ್ಣಾ, ಅಪ್ಪನನ್ನು ಕೇಳಿದೆ. ತೆಂಗಿನೆಣ್ಣೆ! ಪ್ರತಿ ವರ್ಷ ನಮ್ಮ ಆಯುಧ ಪೂಜೆಯ ಹಬ್ಬ ಕೈಲ್ ಮುಹೂರ್ತದ ದಿನ ಅಜ್ಜನ ಕೋವಿಯ ಜೊತೆ ಇದನ್ನೂ ಇಟ್ಟು, ತೆಂಗಿನೆಣ್ಣೆ ಹಚ್ಚಿ, ಗಂಧದ ಬೊಟ್ಟಿಟ್ಟು, ತೋಕ್ ಪೂ (ಕೋವಿ ಹೂ) ಸಿಕ್ಕಿಸಿ ಪೂಜೆ ಮಾಡುತ್ತಿದ್ದರು. ಕುಡಿಕೆಯಿಂದ ಕೋಳಿಗರಿಯಲ್ಲಿ ಅದ್ದಿ ಹ್ಯಾಮರಿನ ಸಂದಿಗೂ ಬಿಡುತ್ತಿದ್ದರಂತೆ.

ನಕ್ಷತ್ರದ ಅಡಿ ನೋಡಿದೆ. ಹಳೇ ಹುಣಿಸೆಹಣ್ಣಿನ ಹಾಗೆ ಕಪ್ಪಗೆ ಅಂಟಿಕೊಂಡಿತ್ತು, ಅದರೊಳಗೆ ಮದ್ದಿನ ಕಾಳು ಮತ್ತು ಗಂಧದ ಪುಡಿ. ಮೂರು ಬಟ್ಟೆ ಕಪ್ಪಾದವು. ಈಗ ಆ ಎರಡು ಮನೆ ಉಳಿದ ನಾಲ್ಕರ ಹಾಗೇ ಇವೆ. ಆದರೆ ಬೆಳಗಿನ ಬಿಗಿ ಪೂರ್ತಿ ಹೋಗಿಲ್ಲ.

ಮಾಜಿ ಆರ್ಮರರ್

ಹೋಗುವುದಿಲ್ಲ, ಯಾಕೆಂದರೆ ಉಳಿದ ಎಣ್ಣೆ ಒಳಗಿದೆ. ತೆಂಗಿನೆಣ್ಣೆ 24 ಡಿಗ್ರಿ ಆಸುಪಾಸಿನಲ್ಲೇ ಹೆಪ್ಪುಗಟ್ಟುತ್ತದೆ. ಡಿಸೆಂಬರಿನಲ್ಲಿ ಬಚ್ಚಲುಮನೆಯ ಬಾಟ್ಲಿ ಹೇಗೆ ಬೆಳ್ಳಗೆ ಗಟ್ಟಿಯಾಗಿರುತ್ತದೋ, ನಿನ್ನ ಟ್ರಿಗರಿನ ಹಿಂದೆಯೂ ಹಾಗೇ ಆಗಿದೆ. ಬಿಸಿಲೇರಿದರೆ ಕರಗುತ್ತದೆ, ಮಧ್ಯಾಹ್ನ ಸಡಿಲ ಅನಿಸುವುದು ಅದಕ್ಕೆ. ಅಪ್ಪನನ್ನು ಬೈಯಬೇಡ, ಭಕ್ತಿಯಿಂದ ಮಾಡಿದ್ದಾರೆ. ಇನ್ನು ಮುಂದೆ ಪೂಜೆಗೆ ಗಂಧ ಹಿಡಿಗೆ ಮಾತ್ರ ಇರಲಿ.

ಲೈಸೆನ್ಸ್ ಪುಸ್ತಕ ತೆಗೆದುಕೊಂಡು, ರಿಪೇರಿ ಲೈಸೆನ್ಸ್ ಇರುವ ಅಂಗಡಿಗೆ ಕೊಡು. ರಿವಾಲ್ವರಿನ ನಂಬರ್ ಬರೆದ ರಸೀದಿ ಇಲ್ಲದೆ ಕೈಯಿಂದ ಬಿಡಬೇಡ. ಬಿಚ್ಚಿ ತೊಳೆದು ಎಣ್ಣೆ ಹಾಕಿ ಎಂದಷ್ಟೇ ಹೇಳು, ಸ್ಪ್ರಿಂಗ್ ಮುಟ್ಟಬೇಡಿ ಎಂದು ಬಾಯಿಬಿಟ್ಟು ಹೇಳು. ಹಿಡಿಯನ್ನೂ ಅಲ್ಲೇ ಕೂರಿಸು. ಬೀಟೆ ಒಳ್ಳೆಯ ಮರ, ಎರಡು ಬದಿಯ ಪಟ್ಟಿ ತೆಳ್ಳಗಾದರೆ ಬೆರಳು ಟ್ರಿಗರಿಗೆ ಚೆನ್ನಾಗಿ ಸಿಗುತ್ತದೆ. ಕಬ್ಬಿಣವನ್ನು ಮಾತ್ರ ಕೆರೆಯಬಾರದು. ಹಳೇ ಪಟ್ಟಿ ಇಟ್ಟುಕೋ.

ನಿರ್ಭೀಕ್ ವಿಷಯ: 2014ರಲ್ಲಿ ಬಂದದ್ದು, ಟೈಟಾನಿಯಂ ಮಿಶ್ರಲೋಹ, 500 ಗ್ರಾಂ. ನಿನ್ನದು ಸುಮಾರು 700. ತೋಟೆ ಎರಡಕ್ಕೂ ಒಂದೇ .32. ಹಗುರವಾದಷ್ಟೂ ಕೈಗೆ ಒದೆ ಜಾಸ್ತಿ. ಚೀಲದಲ್ಲಿ ಹೊರಲು ಸುಖ, ಹೊಡೆಯಲು ಅಪ್ಪನದೇ ವಾಸಿ.

ಮಾಲ್ದಾರೆ

ಇಡುವುದರ ಬಗ್ಗೆ ನಾನೊಂದು ಹೇಳುತ್ತೇನೆ. ಚುನಾವಣೆಗೆ ಠಾಣೆಯಲ್ಲಿ ಜಮಾ ಮಾಡಿದ್ದೆ, ಚರ್ಮದ ಚೀಲದ ಸಮೇತ. ಎರಡು ತಿಂಗಳ ಮೇಲೆ ಬಿಡಿಸಿಕೊಂಡಾಗ ಚರ್ಮ ತಾಗಿದ ಕಡೆಯೆಲ್ಲ ಕೆಂಪು ಚುಕ್ಕಿ. ಅಜ್ಜ ಕೊಟ್ಟುಹೋದದ್ದು, ಹೊಟ್ಟೆ ಉರಿಯಿತು. ಚರ್ಮ ತೇವ ಹೀರಿಕೊಂಡು ಹಿಡಿದಿಡುತ್ತದೆ. ಹೊರುವಾಗ ಮಾತ್ರ ಚೀಲ. ಇಡುವಾಗ ಎಣ್ಣೆಬಟ್ಟೆ ಸುತ್ತಿ, ಬೀಗದ ಕಬ್ಬಿಣದ ಪೆಟ್ಟಿಗೆಯಲ್ಲಿ, ತೇವ ಹೀರುವ ಸಿಲಿಕಾ ಪುಡಿಯ ಪೊಟ್ಟಣಗಳ ಜೊತೆ ಇಡಿ. ತೋಟೆ ಬೇರೆ ಬೀಗದಲ್ಲಿ. ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ತೆಗೆದು ಒರೆಸಿ. ತೋಟೆಗೆ ಎಣ್ಣೆಯ ಕೈ ತಾಗಿಸಬೇಡಿ, ಕೇಪಿನೊಳಗೆ ಇಳಿದರೆ ಸಿಡಿಯುವುದಿಲ್ಲ.

ತೋಟದ ಮಗಳು, ಸೋಮವಾರಪೇಟೆ

ಅಂಗಡಿಯಿಂದ ನಿನ್ನೆ ಬಂತು. ಬಿಚ್ಚಿದಾಗ ಒಳಗೆ ಮೇಣದ ಹಾಗೆ ಬೆಳ್ಳಗೆ ಹೆಪ್ಪುಗಟ್ಟಿದ್ದನ್ನು ಅವರೇ ಕರೆದು ತೋರಿಸಿದರು. ಇವತ್ತು ಬೆಳಿಗ್ಗೆ ಆರೂವರೆಗೆ, ಅಂಗಳದಲ್ಲಿ ಮಂಜು ಇರುವಾಗಲೇ, ಖಾಲಿ ಎಂದು ಬೆರಳು ಹಾಕಿ ನೋಡಿ ಮರಳಿನ ಬಕೆಟ್ಟಿನ ಕಡೆಗೆ ಹಿಡಿದು ಒತ್ತಿದೆ. ಗಟ್ಟಿಯೇ, ಆದರೆ ಒಂದೇ ಬೆರಳಿಗೆ ಬಂತು, ಆರೂ ಸಲ. ಅಪ್ಪ ಜಗಲಿಯಲ್ಲಿ ಕೂತು ಎಣಿಸುತ್ತಿದ್ದರು.

ಹಿಡಿ ಇನ್ನೂ ಆಗಿಲ್ಲ. ಆಚಾರಿ ನನ್ನ ಅಂಗೈಯನ್ನು ಕಾಗದದ ಮೇಲೆ ಪೆನ್ಸಿಲ್ಲಿನಲ್ಲಿ ಗೀಚಿಕೊಂಡು ಹೋಗಿದ್ದಾರೆ.